ಎಸೆಯುವ ಮುನ್ನ ಪ್ಲಗ್ಗನ್ನು ಓದಿರಿ

ಕಾಫಿ, ಅಡಿಕೆಗಳ ಧಾರಣೆ, ಗೊಬ್ಬರದ ಸರಬರಾಜು, ಸಾಲದ ಕಂತು ಇತ್ಯಾದಿಗಳಿಗೆ ಮೀಸಲಾದ ಈ ಪುಟಗಳಲ್ಲಿ ಹೆಬ್ಬೆರಳಿನ ಗಾತ್ರದ ಸ್ಪಾರ್ಕ್ ಪ್ಲಗ್ಗಿನ ವಿಷಯವನ್ನು ಎತ್ತಿಕೊಂಡಿರುವುದು ಕೆಲವು ಸದಸ್ಯರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ನಮ್ಮ ಭಾಗದ ಸಣ್ಣ ಬೆಳೆಗಾರರ ಕೊಟ್ಟಿಗೆಗಳಲ್ಲಿ ಹಳೆಯ ಪೆಟ್ರೋಲ್ ಜೀಪು, ಅದರ ಹಿಂಭಾಗವನ್ನು ತೆರೆದು ಮಾಡಿಸಿಕೊಂಡ ಪಿಕಪ್ಪು, ಓಮ್ನಿ, ಜಿಪ್ಸಿಗಳು ಇಂದಿಗೂ ದುಡಿಯುತ್ತಿವೆ. ಕೊಯ್ಲಿನ ದಿನ ಬೆಳಗ್ಗೆ ಇವು ಹೊರಡುತ್ತವೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಸಣ್ಣ ವಸ್ತುವಿನ ಮೇಲೆಯೇ ನಿಂತಿದೆ. ಆಳುಗಳನ್ನು ಕರೆತರುವುದು, ಹಣ್ಣನ್ನು ಪಲ್ಪರಿಗೆ ಮುಟ್ಟಿಸುವುದು, ಅಡಿಕೆ ಮೂಟೆಯನ್ನು ಮಂಡಿಗೆ ಸಾಗಿಸುವುದು, ರಾತ್ರಿ ಹೊತ್ತಿನಲ್ಲಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ಆಸ್ಪತ್ರೆಗೆ ಓಡುವುದು, ಇವೆಲ್ಲ ಆ ಗಾಡಿಯ ಪಾಲಿಗೇ ಬಂದಿರುವ ಕೆಲಸಗಳು.

ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಗಾಡಿ ಹಳೆಯದಾಯಿತೆಂದು ಎಂಜಿನ್ ಇಳಿಸುವ ಅಥವಾ ಗುಜರಿಗೆ ಹಾಕುವ ತೀರ್ಮಾನಕ್ಕೆ ಬರುವ ಮೊದಲು ಅದರ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ನೋಡಬೇಕು. ಅಂಗಡಿಯವರು ಕೊಟ್ಟದ್ದನ್ನು ತಂದು ಹಾಕುವ ರೂಢಿಯನ್ನು ಬಿಡಬೇಕು. ಈ ವಿಷಯದಲ್ಲಿ ನಮ್ಮ ಸಂಘವೂ ಒಂದು ಸಣ್ಣ ಜವಾಬ್ದಾರಿಯನ್ನು ಹೊರಬೇಕು. ಈ ಮೂರು ಮಾತುಗಳಿಗೆ ಕಾರಣಗಳನ್ನು ಮುಂದೆ ವಿವರಿಸಿದ್ದೇವೆ.

ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಸದಸ್ಯರೊಬ್ಬರ ಪೆಟ್ರೋಲ್ ಜೀಪು ಏರಿನಲ್ಲಿ ಎಳೆಯದೆ ಮಿಸ್ಸಿಂಗ್ ಹೊಡೆಯತೊಡಗಿತು. ಪೇಟೆಯ ಗ್ಯಾರೇಜೊಂದರಲ್ಲಿ ತೋರಿಸಿದರೆ, "ಗೌಡ್ರೇ, ಬೋರು ಹೋಗಿದೆ. ಎಂಜಿನ್ ಇಳಿಸದೆ ಬೇರೆ ದಾರಿ ಇಲ್ಲ" ಎಂಬ ಉತ್ತರ ಬಂದಿತು. ಅವರು ನೇರವಾಗಿ ಸಂಘದ ಕಛೇರಿಗೆ ಸಾಲದ ಅರ್ಜಿ ಹಿಡಿದು ಬಂದರು. "ಅರ್ಜಿ ಇಲ್ಲಿರಲಿ ಗೌಡ್ರೇ, ಮೊದಲು ನಾಲ್ಕೂ ಪ್ಲಗ್ಗು ಬಿಚ್ಚಿ ತಂದು ಈ ಮೇಜಿನ ಮೇಲಿಡಿ" ಎಂದೆವು. ಮರುದಿನ ತಂದರು. ಮೂರು ಒಂದೇ ಕಂಪನಿಯವು, ನಾಲ್ಕನೆಯದು ಬೇರೆಯದು. ಆ ಮೂರು ಹದವಾದ ಬಣ್ಣದಲ್ಲಿದ್ದರೆ ನಾಲ್ಕನೆಯದು ಮಾತ್ರ ಒಣ ಮಸಿ ಹಿಡಿದು ಕಪ್ಪಗಾಗಿತ್ತು. ಅದರ ನಂಬರು ಆ ಎಂಜಿನ್ನಿನದಲ್ಲ. ಸರಿಯಾದ ನಂಬರಿನ ನಾಲ್ಕು ಪ್ಲಗ್ಗು ಹಾಕಿ ಗ್ಯಾಪು ಹಿಡಿದ ಮೇಲೆ ಜೀಪು ಏರು ಹತ್ತಿತು. ಸಾಲದ ಅರ್ಜಿ ನಮ್ಮ ಡ್ರಾಯರಿನಲ್ಲಿಯೇ ಉಳಿಯಿತು.

ಮೆಕ್ಯಾನಿಕ್ಕುಗಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಹಳೆಯ ಪೆಟ್ರೋಲ್ ಎಂಜಿನ್ನಿನ ಮೇಲೆ ಕೈ ಪಳಗಿದವರು ಕಡಿಮೆಯಾಗುತ್ತಿದ್ದಾರೆ. ಡೀಸೆಲ್ ಗಾಡಿಗಳಲ್ಲಿಯೂ ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಹೊಸ ಗಾಡಿಗಳಲ್ಲಿಯೂ ಬೆಳೆದ ಹುಡುಗರಿಗೆ ಕಾರ್ಬುರೇಟರಿನ ಜೀಪು ಅಪರಿಚಿತ. ಆದಕಾರಣ ಗಾಡಿಯ ಯಜಮಾನನೇ ಸ್ವಲ್ಪ ತಿಳಿದುಕೊಂಡಿರುವುದು ಅನಿವಾರ್ಯವಾಗಿದೆ.

ಪ್ಲಗ್ಗಿನ ದುಡಿಮೆ

ಸಿಲಿಂಡರಿನಲ್ಲಿ ಒತ್ತಿ ನಿಂತ ಗಾಳಿ, ಪೆಟ್ರೋಲುಗಳ ಮಿಶ್ರಣಕ್ಕೆ ಕಿಡಿ ತಗಲಿಸುವುದು ಪ್ಲಗ್ಗಿನ ಕೆಲಸ. ಬ್ಯಾಟರಿಯ 12 ವೋಲ್ಟನ್ನು ಕಾಯಿಲು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರು ಅದನ್ನು ಸರದಿಯಂತೆ ಹಂಚುತ್ತದೆ. ಪ್ಲಗ್ಗಿನ ಎರಡು ತುದಿಗಳ ನಡುವಿನ ಗ್ಯಾಪಿನಲ್ಲಿ ಕಿಡಿ ಹಾರುತ್ತದೆ. ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ನಿಮಿಷಕ್ಕೆ 1000 ಬಾರಿ, ಅಂದರೆ ಗಂಟೆಗೆ 60,000 ಬಾರಿ ಕಿಡಿ ಹಾರಿಸಬೇಕು. ಪ್ರತಿ ಕಿಡಿಯೂ ತುದಿಯ ಲೋಹವನ್ನು ಅಣುವಷ್ಟು ತಿನ್ನುತ್ತದೆ. ಚೂಪಾದ ಅಂಚು ದುಂಡಗಾಗುತ್ತದೆ, ಗ್ಯಾಪು ಅಗಲವಾಗುತ್ತದೆ. ಅಗಲವಾದ ಗ್ಯಾಪನ್ನು ದಾಟಲು ಹೆಚ್ಚು ವೋಲ್ಟು ಬೇಕು. ಡಿಸೆಂಬರಿನ ಚಳಿಯಲ್ಲಿ ಸೆಲ್ಫು ಹೊಡೆದಾಗ ಬ್ಯಾಟರಿಯ ಶಕ್ತಿಯೆಲ್ಲ ಎಂಜಿನ್ ತಿರುಗಿಸುವುದಕ್ಕೇ ಹೋಗಿ ಕಿಡಿಗೆ ಉಳಿಯುವುದು ಕಡಿಮೆ. ಮಧ್ಯಾಹ್ನ ಒಂದೇ ಸೆಲ್ಫಿಗೆ ಹತ್ತುವ ಗಾಡಿಯನ್ನು ಬೆಳಗ್ಗೆ ನಾಲ್ಕು ಆಳು ತಳ್ಳಬೇಕಾಗಿ ಬರುವುದರ ಗುಟ್ಟು ಇದು.

ಡೀಸೆಲ್ ಎಂಜಿನ್ನಿಗೆ ಕಿಡಿಯ ಪ್ಲಗ್ಗು ಇಲ್ಲ. ಕೆಲವು ಡೀಸೆಲ್ ಗಾಡಿಗಳಲ್ಲಿರುವ ಹೀಟರ್ ಪ್ಲಗ್ಗು ಬೇರೆಯೇ ವಸ್ತು. ಹಾಗೆಂದು ಡೀಸೆಲ್ ಗಾಡಿಯ ಸದಸ್ಯರು ಪುಟ ತಿರುಗಿಸಬೇಕಾಗಿಲ್ಲ. ಅವರ ಕಳೆ ಕೊಚ್ಚುವ ಯಂತ್ರದಲ್ಲಿಯೂ ಪೆಟ್ರೋಲ್ ಸ್ಪ್ರೇಯರಿನಲ್ಲಿಯೂ ಇದೇ ಪ್ಲಗ್ಗು ಕುಳಿತಿದೆ.

ಆರಿಸುವ ಬಗೆ

ಪ್ಲಗ್ಗು ಕೊಳ್ಳುವಾಗ ಮೂರು ಅಳತೆಗಳು ಮುಖ್ಯ. ಮೊದಲನೆಯದು ಥ್ರೆಡ್ಡಿನ ವ್ಯಾಸ; ನಮ್ಮ ಜೀಪು, ಓಮ್ನಿ, ಜಿಪ್ಸಿಗಳಲ್ಲಿ ಇದು 14 ಮಿ.ಮೀ. ಎರಡನೆಯದು ಥ್ರೆಡ್ಡಿನ ಉದ್ದ. ಹಳೆಯ ಜೀಪಿನ ಹರಿಕೇನ್ ಎಂಜಿನ್ನಿಗೆ 3/8 ಇಂಚು ಉದ್ದದ ಗಿಡ್ಡ ಪ್ಲಗ್ಗು, ಓಮ್ನಿ, ಜಿಪ್ಸಿಗಳಿಗೆ 19 ಮಿ.ಮೀ. ಉದ್ದದ್ದು. ವ್ಯಾಸ ಒಂದೇ ಆದ್ದರಿಂದ ಉದ್ದದ ಪ್ಲಗ್ಗು ಗಿಡ್ಡ ಪ್ಲಗ್ಗಿನ ಜಾಗದಲ್ಲಿ ಸಲೀಸಾಗಿ ತಿರುಗಿ ಕೂರುತ್ತದೆ. ಅಪಾಯವಿರುವುದು ಅಲ್ಲಿಯೇ. ಅದು ಒಳಗೆ ಚಾಚಿಕೊಂಡು ಪಿಸ್ಟನ್ನಿಗೋ ವಾಲ್ವಿಗೋ ಬಡಿಯಬಹುದು. ಬಡಿಯದಿದ್ದರೂ ಹೊರಚಾಚಿದ ಥ್ರೆಡ್ಡು ಕೆಂಡವಾಗಿ ಹೊತ್ತಲ್ಲದ ಹೊತ್ತಿನಲ್ಲಿ ಮಿಶ್ರಣಕ್ಕೆ ಬೆಂಕಿ ತಗಲಿಸುತ್ತದೆ. ಉದ್ದದ್ದರ ಜಾಗಕ್ಕೆ ಗಿಡ್ಡದನ್ನು ಹಾಕಿದರೆ ಖಾಲಿ ಉಳಿದ ಥ್ರೆಡ್ಡಿನಲ್ಲಿ ಮಸಿ ಗಟ್ಟಿಯಾಗಿ, ಮುಂದೆ ಸರಿಯಾದ ಪ್ಲಗ್ಗೇ ಕೂರುವುದಿಲ್ಲ.

ಮೂರನೆಯದು ಪ್ಲಗ್ಗಿನ ಕಾವು. ಒಳಗಿನ ಬಿಳಿ ಪಿಂಗಾಣಿಯ ಮೂಗು ಉದ್ದವಾಗಿದ್ದರೆ ಕಾವು ಹೊರಹೋಗುವುದು ನಿಧಾನ. ಅದನ್ನು ಬಿಸಿ ಪ್ಲಗ್ಗು ಎನ್ನುತ್ತಾರೆ. ಮೂಗು ಗಿಡ್ಡವಾಗಿದ್ದರೆ ಕಾವು ಬೇಗ ಇಳಿಯುತ್ತದೆ. ಅದು ತಣ್ಣನೆಯ ಪ್ಲಗ್ಗು. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850 ಡಿಗ್ರಿಯ ಆಸುಪಾಸು ಮೀರಿದರೆ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನು ಕರಗುವ ಅಪಾಯವಿದೆ. ತೋಟದೊಳಗೆ ಒಂದನೆಯ ಗೇರಿನಲ್ಲಿ ಅರ್ಧ ಮೈಲಿ ಹೋಗಿ ನಿಲ್ಲುವ ಗಾಡಿಯಲ್ಲಿ ಪ್ಲಗ್ಗು ಕಾಯುವುದೇ ಇಲ್ಲ. ಮೂಟೆ ಹೇರಿಕೊಂಡು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವ ಗಾಡಿಯಲ್ಲಿ ಅದು ವಿಪರೀತ ಕಾಯುತ್ತದೆ. ತಯಾರಕರು ಹೇಳಿದ ನಂಬರು ಈ ಎರಡಕ್ಕೂ ಹೊಂದುವ ಮಧ್ಯದ ದಾರಿ. ಅದನ್ನು ಬಿಟ್ಟು ಕದಲಲು ಬಲವಾದ ಕಾರಣವಿರಬೇಕು. ಕದಲಿದರೂ ಒಂದು ಮೆಟ್ಟಿಲಿಗಿಂತ ಹೆಚ್ಚು ಕದಲಬಾರದು.

ಇಲ್ಲಿ ಸದಸ್ಯರು ಅವಶ್ಯ ಗಮನಿಸಬೇಕಾದ ಒಂದು ಸಂಗತಿಯಿದೆ. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ಗು ತಣ್ಣನೆಯದು. ಚಾಂಪಿಯನ್ನಿನಲ್ಲಿ ಇದಕ್ಕೆ ತದ್ವಿರುದ್ಧ, ಅಂಕಿ ದೊಡ್ಡದಾದಷ್ಟೂ ಬಿಸಿ. ಬಾಷ್‌ನ ಈಗಿನ ಪದ್ಧತಿಯೂ ಚಾಂಪಿಯನ್ನಿನಂತೆಯೇ. ಆದರೆ ಬಾಷ್‌ನ ಹಳೆಯ ಮೂರಂಕಿಯ ಪದ್ಧತಿಯಲ್ಲಿ ದೊಡ್ಡ ಅಂಕಿ ಎಂದರೆ ತಣ್ಣನೆಯ ಪ್ಲಗ್ಗು. ಹಳೆಯ 175 ಈಗಿನ 7ಕ್ಕೆ, ಹಳೆಯ 145 ಈಗಿನ 8ಕ್ಕೆ ಸಮ. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋದ ಪ್ಲಗ್ಗುಗಳು ಅನೇಕರ ಅಟ್ಟದ ಡಬ್ಬಿಗಳಲ್ಲಿ ಇನ್ನೂ ಇರಬಹುದು. ಅವುಗಳ ಮೇಲೆ ಮೂರಂಕಿಯಿದ್ದರೆ ಇದನ್ನು ಮರೆಯಬಾರದು. ಒಟ್ಟಿನಲ್ಲಿ "ಆ ಕಂಪನಿಯದು ಇಲ್ಲ, ಈ ಕಂಪನಿಯದರಲ್ಲಿ ಅದೇ ಅಂಕಿ ಇದೆ, ತೆಗೆದುಕೊಳ್ಳಿ" ಎಂಬ ಮಾತನ್ನು ಎಂದೂ ಒಪ್ಪಬಾರದು. ಬದಲಿ ಪ್ಲಗ್ಗು ಬೇಕಾದರೆ ಕಂಪನಿಯ ಹೋಲಿಕೆ ಪಟ್ಟಿಯನ್ನು ನೋಡಿಯೇ ಕೊಳ್ಳಬೇಕು.

ನಮ್ಮಲ್ಲಿ ಹೆಚ್ಚಾಗಿರುವ ಹಳೆಯ ಜೀಪು ಸಿಜೆ-3ಬಿ ಮಾದರಿಯದು. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ಹೊರತಂದ ಈ ಮಾದರಿ ಅಲ್ಲಿ 1968ರಲ್ಲಿ ನಿಂತುಹೋಯಿತು. ನಮ್ಮ ದೇಶದಲ್ಲಿ ಮಹೀಂದ್ರದವರು ಅದನ್ನು ಆ ಮೇಲೆಯೂ ಬಹುಕಾಲ ತಯಾರಿಸಿದರು. ಅದರ ನಾಲ್ಕು ಸಿಲಿಂಡರಿನ 2.2 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಮೂಲ ಕೈಪಿಡಿ ಹೇಳುವುದು ಚಾಂಪಿಯನ್ ಜೆ-8 ಅಥವಾ ಅದಕ್ಕೆ ಸಮನಾದದ್ದು. ಗ್ಯಾಪು 0.030 ಇಂಚು, ಅಂದರೆ ಸುಮಾರು 0.75 ಮಿ.ಮೀ. ಕಿಡಿಯ ಸರದಿ 1-3-4-2. ಈ ಮೂರನ್ನೂ ಬಾನೆಟ್ಟಿನ ಒಳಬದಿಯಲ್ಲಿ ಬಣ್ಣದಿಂದ ಬರೆಸಿಡುವುದು ಲೇಸು. ಎಂಜಿನ್ ಬದಲಾಯಿಸಿದ ಗಾಡಿಯಾದರೆ ಈಗಿರುವ ಎಂಜಿನ್ನಿನ ನಂಬರನ್ನು ಬರೆಸಬೇಕು.

ಪ್ಲಗ್ಗು ಹೇಳುವ ವರ್ತಮಾನ

ಬಿಚ್ಚಿದ ಪ್ಲಗ್ಗನ್ನು ಒರೆಸದೆ ಬಿಸಿಲಿಗೆ ಹಿಡಿದು ನೋಡಿರಿ. ಬಿಚ್ಚುವಾಗಲೇ ಯಾವುದು ಯಾವ ಸಿಲಿಂಡರಿನದೆಂದು ಸಾಲಾಗಿ ಇಟ್ಟುಕೊಳ್ಳಬೇಕು. ಪಿಂಗಾಣಿಯ ಮೂಗು ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿದ್ದರೆ ಎಂಜಿನ್ನು ಸುಖವಾಗಿದೆ ಎಂದರ್ಥ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ, ಚೋಕು ಪೂರಾ ತೆರೆಯುತ್ತಿಲ್ಲ, ಏರ್ ಫಿಲ್ಟರು ಕಟ್ಟಿದೆ, ಇಲ್ಲವೇ ಪ್ಲಗ್ಗು ತೀರ ತಣ್ಣನೆಯದು. ಜಿಡ್ಡುಜಿಡ್ಡಾಗಿ ಎಣ್ಣೆ ಹಿಡಿದಿದ್ದರೆ ರಿಂಗು ಅಥವಾ ವಾಲ್ವ್ ಗೈಡು ಸವೆದು ಎಂಜಿನ್ ಆಯಿಲು ಮೇಲೆ ಬರುತ್ತಿದೆ. ಮೂಗು ಸುಣ್ಣದಂತೆ ಬಿಳಿಚಿ ಅಲ್ಲಲ್ಲಿ ಬೊಬ್ಬೆಯೆದ್ದಿದ್ದರೆ ಎಂಜಿನ್ನು ಕಾಯುತ್ತಿದೆ: ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ, ಮ್ಯಾನಿಫೋಲ್ಡಿನಲ್ಲಿ ಗಾಳಿ ಸೋರಿಕೆ, ಟೈಮಿಂಗ್ ಮುಂದಾಗಿರುವುದು, ಇಲ್ಲವೇ ಪ್ಲಗ್ಗು ತೀರ ಬಿಸಿ. ಪೆಟ್ರೋಲಿನಲ್ಲಿ ತೊಯ್ದು ಬಂದಿದ್ದರೆ ಆ ಸಿಲಿಂಡರಿಗೆ ಕಿಡಿಯೇ ತಲುಪುತ್ತಿಲ್ಲ. ವೈರು, ಡಿಸ್ಟ್ರಿಬ್ಯೂಟರಿನ ಮುಚ್ಚಳ, ಪಾಯಿಂಟುಗಳನ್ನು ನೋಡಬೇಕು.

ನಾಲ್ಕೂ ಒಂದೇ ರೀತಿ ಕೆಟ್ಟಿದ್ದರೆ ದೋಷ ಸಾಮಾನ್ಯವಾಗಿ ಕಾರ್ಬುರೇಟರು, ಟೈಮಿಂಗ್‌ಗಳಂಥ ಎಲ್ಲಕ್ಕೂ ಸೇರಿದ ಕಡೆಯಲ್ಲಿ. ಒಂದೇ ಕೆಟ್ಟಿದ್ದರೆ ದೋಷ ಆ ಸಿಲಿಂಡರಿನಲ್ಲಿ, ಅದರ ವೈರಿನಲ್ಲಿ ಅಥವಾ ಆ ಪ್ಲಗ್ಗಿನಲ್ಲಿಯೇ. ಇಷ್ಟು ತಿಳಿದ ಬೆಳೆಗಾರನಿಗೆ "ಬೋರು ಹೋಗಿದೆ" ಎಂದು ಹೇಳುವವರು ಎರಡು ಸಲ ಯೋಚಿಸುತ್ತಾರೆ. ಎಣ್ಣೆ ಹಿಡಿದ ಪ್ಲಗ್ಗು ಕಂಡರೂ ಕಂಪ್ರೆಷನ್ ಗೇಜು ಹಾಕಿ ಅಳೆಯಿರೆಂದು ಕೇಳಬೇಕು. ಅಳತೆ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲು ಬಿಟ್ಟು ಮತ್ತೆ ಅಳೆದಾಗ ಅದು ಏರಿದರೆ ದೋಷ ರಿಂಗಿನಲ್ಲಿ. ಏರದಿದ್ದರೆ ವಾಲ್ವಿನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿ. ಈ ಪರೀಕ್ಷೆಯಿಲ್ಲದೆ ಎಂಜಿನ್ ಇಳಿಸಲು ಒಪ್ಪುವುದು ಮಣ್ಣು ಪರೀಕ್ಷೆಯಿಲ್ಲದೆ ಸುಣ್ಣ ಚೆಲ್ಲಿದಂತೆ.

ಹೊಸ ಪೆಟ್ರೋಲಿನ ಪ್ರಶ್ನೆ

ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ಕೊಡಲಾಯಿತು; 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲೆಲ್ಲ ಸಾಮಾನ್ಯವಾಯಿತು. ಕಬ್ಬು, ಧಾನ್ಯ ಬೆಳೆಯುವ ನಮ್ಮ ಬಂಧುಗಳಿಗೆ ಇದರಿಂದ ಲಾಭವಾಗುವುದಾದರೆ ನಮಗೆ ಸಂತೋಷವೇ. ಆದರೆ ಎಥನಾಲಿನಲ್ಲಿ ಆಮ್ಲಜನಕವಿದೆ. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನ ಜೆಟ್ಟಿನಲ್ಲಿ ಅದು ಹರಿದಾಗ ಮಿಶ್ರಣ ತೆಳುವಾಗುತ್ತದೆ. ಪ್ಲಗ್ಗುಗಳು ಹಿಂದಿಗಿಂತ ಬಿಳಿಚಿಕೊಂಡು ಕಾಣುವುದಕ್ಕೆ, ಎಂಜಿನ್ನು ಏರಿನಲ್ಲಿ ಬೇಗ ಕಾಯುವುದಕ್ಕೆ ಇದೂ ಒಂದು ಕಾರಣವಾಗಬಹುದು. ಇದಕ್ಕೆ ಪರಿಹಾರ ಕಾರ್ಬುರೇಟರನ್ನು ಶುದ್ಧ ಮಾಡಿಸಿ, ಮಿಶ್ರಣವನ್ನು ಹೊಂದಿಸಿ, ಬಿರುಕು ಬಿಟ್ಟ ರಬ್ಬರ್ ಪೈಪುಗಳನ್ನು ಬದಲಿಸುವುದು. ಅದನ್ನು ಬಿಟ್ಟು ಬರಿಯ ತಣ್ಣನೆಯ ಪ್ಲಗ್ಗು ಹಾಕುವುದು ಜ್ವರ ಬಂದವನಿಗೆ ಥರ್ಮಾಮೀಟರನ್ನು ಬದಲಾಯಿಸಿದಂತೆ. ಎಥನಾಲು ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಅರೆಬರೆ ಪೆಟ್ರೋಲು ಬಿಟ್ಟರೆ ಸೆಪ್ಟೆಂಬರಿನಲ್ಲಿ ಪ್ಲಗ್ಗನ್ನು ಬೈದು ಪ್ರಯೋಜನವಿಲ್ಲ.

ಬದಲಾಯಿಸುವ ಕ್ರಮ

ಎಂಜಿನ್ನು ಪೂರಾ ತಣ್ಣಗಾದ ಮೇಲೆ ಕೈ ಹಾಕಬೇಕು. ಪ್ಲಗ್ಗಿನ ಸುತ್ತ ಕೂತ ಮಣ್ಣು, ಧೂಳನ್ನು ಸೈಕಲ್ ಪಂಪಿನಿಂದ ಊದಿ ತೆಗೆಯದಿದ್ದರೆ ಅದು ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ವೈರುಗಳಿಗೆ ಒಂದು, ಎರಡು ಎಂದು ಚೀಟಿ ಕಟ್ಟಬೇಕು. ವೈರನ್ನು ಎಳೆಯದೆ ಅದರ ತಲೆಯನ್ನು ಹಿಡಿದು ಕೀಳಬೇಕು. ಹೊಸ ಪ್ಲಗ್ಗಿನ ಗ್ಯಾಪು ಡಬ್ಬಿಯಿಂದಲೇ ಸರಿಯಾಗಿ ಬಂದಿರುತ್ತದೆಂದು ನಂಬದೆ ಫೀಲರ್ ಗೇಜಿನಿಂದ ನೋಡಬೇಕು. ಹೊಂದಿಸುವಾಗ ಹೊರಗಿನ ಕೊಕ್ಕೆಯನ್ನು ಮಾತ್ರ ಬಗ್ಗಿಸಬೇಕು. ನಡುವಿನ ಕಡ್ಡಿಯನ್ನು ಒತ್ತಿದರೆ ಪಿಂಗಾಣಿ ಸೀಳುತ್ತದೆ.

ಕೂರಿಸುವಾಗ ಸ್ಪ್ಯಾನರಿಲ್ಲದೆ ಬೆರಳಿನಲ್ಲೇ ತಿರುಗಿಸಬೇಕು. ಬೆರಳಿಗೆ ಒಗ್ಗದೆ ಬಿಗಿ ಬಂದರೆ ಥ್ರೆಡ್ಡು ಅಡ್ಡ ಹತ್ತಿದೆ ಎಂದು ತಿಳಿದು ಹಿಂದಕ್ಕೆ ಬಿಚ್ಚಬೇಕು. ಓಮ್ನಿಯಂಥ ಅಲ್ಯೂಮಿನಿಯಂ ಹೆಡ್ಡಿನ ಗಾಡಿಗಳಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು. ವಾಷರಿರುವ ಹೊಸ ಪ್ಲಗ್ಗು ಬೆರಳಿನಲ್ಲಿ ಕೂತ ಮೇಲೆ ಸ್ಪ್ಯಾನರಿನಿಂದ ಸುಮಾರು ಅರ್ಧ ಸುತ್ತು ಸಾಕು. ಅದೇ ಹಳೆಯ ಪ್ಲಗ್ಗನ್ನು ಮತ್ತೆ ಹಾಕುವುದಾದರೆ ಕಾಲು ಸುತ್ತಿಗಿಂತಲೂ ಕಡಿಮೆ. ಹಾರೆ ಹಾಕಿ ಬಿಗಿಯುವ ಶೌರ್ಯ ಇಲ್ಲಿ ಬೇಡ.

ಕಿಲೋಮೀಟರಿನ ಲೆಕ್ಕದಲ್ಲಿ ಸಾಧಾರಣ ಪ್ಲಗ್ಗನ್ನು 15,000ದ ಸುಮಾರಿಗೆ ಬದಲಿಸುವುದು ರೂಢಿ. ನಮ್ಮ ಗಾಡಿಗಳಲ್ಲಿ ಮೀಟರು ಓಡುವುದೇ ಅಪರೂಪ. ಓಡಿದರೂ ತೋಟದ ದಾರಿಯ ಒಂದು ಕಿಲೋಮೀಟರು ಟಾರು ರಸ್ತೆಯ ಒಂದು ಕಿಲೋಮೀಟರಿಗೆ ಸಮನಲ್ಲ. ಆದ್ದರಿಂದ ಪಂಚಾಂಗವೇ ನಮಗೆ ಮೀಟರು. ಮಳೆ ಹಿಡಿಯುವ ಮುನ್ನ ಮೇ ಕೊನೆಯಲ್ಲಿ ಒಮ್ಮೆ, ಕೊಯ್ಲಿಗೆ ಮುನ್ನ ನವೆಂಬರಿನಲ್ಲಿ ಒಮ್ಮೆ ಬಿಚ್ಚಿ ನೋಡಿ, ಅಂಚು ದುಂಡಗಾಗಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಉಪ್ಪು ಕಾಗದದಿಂದ ಉಜ್ಜಿ, ಒಲೆಯಲ್ಲಿ ಕಾಯಿಸಿ ವರ್ಷಗಟ್ಟಲೆ ದೂಡುವುದು ಉಳಿತಾಯವಲ್ಲ. ನಾಲ್ಕು ಸಾಧಾರಣ ಪ್ಲಗ್ಗುಗಳ ಬೆಲೆ ಒಂದು ಚೀಲ ಪೊಟ್ಯಾಷಿನ ಬೆಲೆಗಿಂತ ಕಡಿಮೆ. ಕೊಯ್ಲಿನಲ್ಲಿ ಒಂದು ದಿನ ಆಳುಗಳು ಗಾಡಿ ಕಾಯುತ್ತ ಕೂತರೆ ಅದಕ್ಕಿಂತ ಎಷ್ಟೋ ಹೆಚ್ಚು ಹೋಗುತ್ತದೆ.

ಇರಿಡಿಯಂ ತುದಿಯ ದುಬಾರಿ ಪ್ಲಗ್ಗುಗಳ ಬಗೆಗೆ ಅನೇಕರು ವಿಚಾರಿಸುತ್ತಾರೆ. ಅವು ಬಹುಕಾಲ ಸವೆಯುವುದಿಲ್ಲ ಎಂಬುದು ನಿಜ. ಆದರೆ ಅಷ್ಟಿಷ್ಟು ಆಯಿಲು ಕುಡಿಯುವ ಹಳೆಯ ಎಂಜಿನ್ನಿನಲ್ಲಿ ಪ್ಲಗ್ಗು ಸವೆಯುವ ಮೊದಲೇ ಮಸಿ ಹಿಡಿಯುತ್ತದೆ. ಸರಿಯಾದ ನಂಬರಿನ ಸಾಧಾರಣ ಪ್ಲಗ್ಗನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದೇ ನಮ್ಮಂಥವರಿಗೆ ಲಾಭದಾಯಕ.

ಸಂಘದ ಕರ್ತವ್ಯ

ಈಗ ಮೂರನೆಯ ಮಾತಿಗೆ ಬರುತ್ತೇವೆ. ಹಳೆಯ ಜೀಪಿನ ಗಿಡ್ಡ ಪ್ಲಗ್ಗನ್ನು ಪೇಟೆಯ ಅಂಗಡಿಗಳು ಈಗ ಇಡುವುದೇ ಕಡಿಮೆ. ಬೇಡಿಕೆ ಚದರಿಹೋಗಿದೆ, ಒಂದು ಊರಿಗೆ ಎರಡು ಗಾಡಿ. ಹೀಗಾಗಿ ಸಿಕ್ಕಿದ್ದನ್ನು ಹಾಕುವ ಪ್ರಸಂಗ ಬರುತ್ತದೆ, ನಕಲಿ ಮಾಲಿಗೂ ದಾರಿಯಾಗುತ್ತದೆ. ಒರಟು ಥ್ರೆಡ್ಡು, ಅಳಿಸಿಹೋಗುವ ಅಕ್ಷರ, ನಡುಗಡ್ಡಿಗೆ ಸರಿಯಾಗಿ ಎದುರಾಗಿರದ ಕೊಕ್ಕೆ, ಬಿಲ್ಲು ಕೊಡಲು ಹಿಂಜರಿಕೆ, ಇವು ನಕಲಿಯ ಲಕ್ಷಣಗಳು. ಚದರಿದ ಬೇಡಿಕೆಯನ್ನು ಒಟ್ಟುಗೂಡಿಸುವುದಕ್ಕೇ ಅಲ್ಲವೇ ಸಹಕಾರ ಸಂಘ ಇರುವುದು? ಗೊಬ್ಬರ, ಮೈಲುತುತ್ತ ಮಾರುವ ಕೌಂಟರಿನಲ್ಲಿ ಒಂದು ಬೀರುವಿನಷ್ಟು ಜಾಗ ಮಾಡಿ, ಸದಸ್ಯರ ಗಾಡಿಗಳಿಗೆ ಮತ್ತು ಯಂತ್ರಗಳಿಗೆ ಬೇಕಾದ ನಂಬರಿನ ಪ್ಲಗ್ಗುಗಳನ್ನು ಅಧಿಕೃತ ವಿತರಕರಿಂದ ಬಿಲ್ಲು ಸಹಿತ ತರಿಸಿಡಬೇಕು. ಜೊತೆಗೆ ಒಂದು ಫೀಲರ್ ಗೇಜು, ಒಂದು ಕಂಪ್ರೆಷನ್ ಗೇಜು ಸಂಘದಲ್ಲಿದ್ದು ಸದಸ್ಯರಿಗೆ ಎರವಲು ಸಿಗಬೇಕು.

ಇದಕ್ಕೆ ಆಕ್ಷೇಪಣೆಗಳು ಬರುತ್ತವೆಂಬುದು ನಮಗೆ ಗೊತ್ತು. ಸಂಘವೇನು ಬಿಡಿಭಾಗದ ಅಂಗಡಿಯೇ ಎಂದು ಕೆಲವರು ಕೇಳಬಹುದು. ಮಳೆ ಅರ್ಧ ದಿನ ಹೊಳವಾದಾಗ ಬೋರ್ಡೋ ಹೊಡೆಯಲು ಸ್ಪ್ರೇಯರು ಹತ್ತದೆ, ಆ ಹೊಳವು ಕಳೆದು, ಕೊಳೆರೋಗ ಗೊನೆಯಿಂದ ಗೊನೆಗೆ ಹಬ್ಬಿದ ಮೇಲೆ ಮೈಲುತುತ್ತ ಮಾರಿದ ಸಂಘದ ಕರ್ತವ್ಯ ಪೂರ್ತಿಯಾಯಿತೆಂದು ಹೇಳಲು ನಮಗಂತೂ ಮನಸ್ಸು ಬರುವುದಿಲ್ಲ. ಹಳೆಯ ಗಾಡಿಗಳು ಇಂದಲ್ಲ ನಾಳೆ ಹೋಗುವಂಥವೇ, ಅವಕ್ಕೇಕೆ ಇಷ್ಟು ಉಪಚಾರ ಎಂಬುದು ಇನ್ನೊಂದು ಮಾತು. ಹೋಗುವಂಥವು ಹೋಗಲಿ. ಆದರೆ ಧಾರಣೆ ಏರಿದಾಗ ಹೊಸ ಗಾಡಿ ಕೊಂಡು, ಇಳಿದಾಗ ಕಂತು ಕಟ್ಟಲಾಗದೆ ಕಛೇರಿಯ ಮೆಟ್ಟಿಲಲ್ಲಿ ಕೂತವರನ್ನೂ ನಾವು ನೋಡಿದ್ದೇವೆ. ಸಾಲವಿಲ್ಲದ ಹಳೆಯ ಜೀಪು ಸಣ್ಣ ಬೆಳೆಗಾರನಿಗೆ ಒಂದು ಬಲ. ಅದು ಯಾವಾಗ ಹೋಗಬೇಕೆಂಬುದನ್ನು ಅದರ ಯಜಮಾನ ತೀರ್ಮಾನಿಸಬೇಕೇ ಹೊರತು ಮಸಿ ಹಿಡಿದ ಒಂದು ಪ್ಲಗ್ಗಲ್ಲ.

ಮುಂದಿನ ಮಹಾಸಭೆಯಲ್ಲಿ ಈ ಸಲಹೆಯನ್ನು ಚರ್ಚೆಗೆ ಇಡಲಿದ್ದೇವೆ. ಅದಕ್ಕೆ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ಗಾಡಿ, ಸ್ಪ್ರೇಯರು, ಕಳೆ ಯಂತ್ರಗಳ ಕೈಪಿಡಿಯಲ್ಲಿರುವ ಪ್ಲಗ್ಗಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕಛೇರಿಗೆ ತಲುಪಿಸಬೇಕೆಂದು ಕೋರುತ್ತೇವೆ. ಕೈಪಿಡಿ ಕಳೆದುಹೋಗಿದ್ದರೆ ಈಗಿರುವ ಪ್ಲಗ್ಗನ್ನೇ ಬಿಚ್ಚಿ ತನ್ನಿರಿ, ಆದರೆ ದಯವಿಟ್ಟು ಒರೆಸದೆ ತನ್ನಿರಿ. ಅದು ಏನು ಹೇಳುತ್ತದೆಂಬುದನ್ನು ಒಟ್ಟಿಗೆ ಕೂತು ಓದೋಣ.